ಸ್ಯಾಂಕಿ ಕೆರೆಯ ‘ಸ್ಯಾಂಕಿ’ ಎಲ್ಲಿಂದ ಬಂತು?

ನಮಸ್ಕಾರ. ಹಿಂದಿನ ವಿಡಿಯೋ ಕೆಳಗೆ ಮಲೆನಾಡಿನವರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. “ನಮ್ಮಲ್ಲಿ ಹಳ್ಳ ದಾಟೋಕೆ ಹಾಕುವ ಮರದ ಕಾಲುಸೇತುವೆಗೆ ಸಂಕ ಅಂತೀವಿ. ಬೆಂಗಳೂರಿನ ಸ್ಯಾಂಕಿ ಕೆರೆಗೂ ಇದಕ್ಕೂ ನಂಟಿದೆಯಾ?” ನಂಟಿಲ್ಲ. ಆದರೆ ಈ ಹೆಸರಿನ ಬೆನ್ನು ಹತ್ತಿ ಹೋದರೆ ಕೊನೆಗೆ ಸಿಗೋದೂ ಒಂದು ಹಳ್ಳವೇ!

ಕೆರೆಗೆ ಹೆಸರು ಬಂದಿದ್ದು ರಿಚರ್ಡ್ ಹೈರಮ್ ಸ್ಯಾಂಕಿ ಅವರಿಂದ. 1864ರಲ್ಲಿ ಮೈಸೂರು ಸಂಸ್ಥಾನದ ಚೀಫ್ ಎಂಜಿನಿಯರ್ ಆದವರು. ಈಗ ಹೈಕೋರ್ಟ್ ಇರುವ ಅಠಾರಾ ಕಚೇರಿ, ಕಬ್ಬನ್ ಪಾರ್ಕ್, 1882ರ ಈ ಕೆರೆ, ಇವೆಲ್ಲ ಅವರ ಕೆಲಸ ಅಂತ ನಿಮಗೆ ಗೊತ್ತೇ ಇದೆ. ಮುಂದೆ ಹೋಗೋಣ.

[ತೆರೆಯ ಮೇಲೆ: ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ನಡುವಿನ ನಕ್ಷೆ]

ಇಲ್ಲಿ ನೋಡಿ. ಸೇಂಟ್ ಹೆಲೆನ್ಸ್ ಕಡೆಯಿಂದ ಹರಿದು ಬಂದು ವಾರಿಂಗ್ಟನ್ ಹತ್ತಿರ ಮರ್ಸಿ ನದಿ ಸೇರುವ ಈ ಸಣ್ಣ ಗೆರೆಯೇ ಸ್ಯಾಂಕಿ ಹಳ್ಳ. ಮೊದಲು ಹೆಸರಿದ್ದಿದ್ದು ನೀರಿಗೆ. ಆಮೇಲೆ ಪಕ್ಕದ ಊರಿಗೆ ಬಂತು. ಆ ಊರು ಇವತ್ತೂ ಇದೆ, ಗ್ರೇಟ್ ಸ್ಯಾಂಕಿ ಅಂತ. 1066ರಲ್ಲಿ ಫ್ರಾನ್ಸ್ ಕಡೆಯಿಂದ ನಾರ್ಮನ್ನರು ಬಂದ ಮೇಲೆ ಮುಂದಿನ ಮೂರು ಶತಮಾನಗಳಲ್ಲಿ ಇಂಗ್ಲೆಂಡಿನ ಮನೆತನಗಳಿಗೆ ಹೆಸರುಗಳು ನಿಧಾನವಾಗಿ ಅಂಟಿಕೊಂಡವು, ಊರಿನ ಹೆಸರು ಮನುಷ್ಯರಿಗೆ ಬಂದಿದ್ದು ಆಗಲೇ.

ಒಂದು ನಿಮಿಷ ಯೋಚಿಸಿ. ಸ್ಯಾಂಕಿ ಊರೊಳಗೆ ಯಾರನ್ನಾದರೂ ‘ಸ್ಯಾಂಕಿಯವನು’ ಅಂತ ಕರೆದರೆ ಏನು ಪ್ರಯೋಜನ? ಅಲ್ಲಿ ಎಲ್ಲರೂ ಅದೇ ಊರಿನವರು. ಊರು ಬಿಟ್ಟು ಬೇರೆ ಕಡೆ ನೆಲೆಸಿದವನಿಗೇ ಆ ಹೆಸರು ಕೆಲಸಕ್ಕೆ ಬರೋದು. ಸರ್ ಎಂ. ವಿಶ್ವೇಶ್ವರಯ್ಯನವರನ್ನೇ ನೋಡಿ. ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ, ಹೆಸರಿನ ಮುಂದಿರುವ ಮೋಕ್ಷಗುಂಡಂ ಮಾತ್ರ ಅವರ ಹಿರಿಯರು ಯಾವತ್ತೋ ಬಿಟ್ಟು ಬಂದ ಆಂಧ್ರದ ಹಳ್ಳಿ. ಅವರೂ 1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಆದರು. ಒಂದೇ ಕುರ್ಚಿಯಲ್ಲಿ ಬೇರೆ ಬೇರೆ ಕಾಲಕ್ಕೆ ಕೂತ ಇಬ್ಬರು, ಇಬ್ಬರ ಹೆಸರಲ್ಲೂ ಹಿಂದೆ ಉಳಿದ ಒಂದೊಂದು ಊರು. ಇದು ಹೊಳೆದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಸರಿ, ನಮ್ಮ ರಿಚರ್ಡ್ ಸ್ಯಾಂಕಿ ಐರ್ಲೆಂಡಿನವರು. ಗ್ರೇಟ್ ಸ್ಯಾಂಕಿ ಆಗ ಇದ್ದದ್ದು ಇಂಗ್ಲೆಂಡಿನ ಲ್ಯಾಂಕಷೈರ್ ಸೀಮೆಯಲ್ಲಿ. ಅಲ್ಲಿನ ಹೆಸರು ಐರ್ಲೆಂಡಿಗೆ ದಾಟಿದ್ದು ಹೇಗೆ? ಇಂಗ್ಲೆಂಡಿನ ಸೇನಾನಾಯಕ ಕ್ರಾಮ್‌ವೆಲ್‌ನ ಸೈನ್ಯ 1649ರಲ್ಲಿ ಐರ್ಲೆಂಡಿಗೆ ನುಗ್ಗಿತು. ಸೈನಿಕರಿಗೆ ಸಂಬಳದ ಬದಲು ಅಲ್ಲಿನವರಿಂದ ಕಿತ್ತುಕೊಂಡ ಜಮೀನು ಕೊಟ್ಟರು. ಹಾಗೆ ಅಲ್ಲಿನ ಟಿಪ್ಪರರಿ ಸೀಮೆಯಲ್ಲಿ ಜಮೀನು ಪಡೆದವರಲ್ಲಿ ಹೈರೋಮ್ ಸ್ಯಾಂಕಿ ಒಬ್ಬ. ಜಮೀನು ಅಳೆದವನು ವಿಲಿಯಂ ಪೆಟ್ಟಿ. ಹಂಚಿಕೆಯಲ್ಲಿ ಮೋಸ ಆಗಿದೆ ಅಂತ ಸ್ಯಾಂಕಿ 1659ರಲ್ಲಿ ಪಾರ್ಲಿಮೆಂಟಿನಲ್ಲೇ ಪೆಟ್ಟಿಯ ಮೇಲೆ ಆರೋಪ ಮಾಡಿದ.

ಈ ಸ್ಯಾಂಕಿ ಪೆಟ್ಟಿಯನ್ನು ದ್ವಂದ್ವಕ್ಕೂ ಕರೆದಿದ್ದ. ಆ ಕಥೆಯನ್ನು ಪೆಟ್ಟಿಯ ಗೆಳೆಯನೊಬ್ಬ ಬರೆದಿಟ್ಟಿದ್ದಾನೆ. ಸ್ಯಾಂಕಿ ಕತ್ತಿ ಹಿಡಿದು ಪಳಗಿದ ಸೈನಿಕ. ಪೆಟ್ಟಿ ಡಾಕ್ಟರು, ದೂರದ್ದು ಅವನಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಆದರೆ ಸವಾಲು ಹಾಕಿಸಿಕೊಂಡವನೇ ಜಾಗ, ಆಯುಧ ಎರಡನ್ನೂ ಆರಿಸಬೇಕು ಅನ್ನೋದು ಆಗಿನ ಪದ್ಧತಿ. ಪೆಟ್ಟಿ ಆರಿಸಿದ ಜಾಗ ಕತ್ತಲೆ ತುಂಬಿದ ನೆಲಮಾಳಿಗೆ. ಆಯುಧ, ಬಡಗಿಯ ದೊಡ್ಡ ಕೊಡಲಿ! ಕತ್ತಲಲ್ಲಿ ಇಬ್ಬರಿಗೂ ಏನೂ ಕಾಣಲ್ಲ. ಕೊಡಲಿ ಬೀಸೋದು ಸೈನಿಕನಿಗೂ ಹೊಸದು. ಎಷ್ಟು ಚೆನ್ನಾಗಿ ಲೆಕ್ಕ ಸರಿಮಾಡಿದ ನೋಡಿ, ಮೊದಲೇ ಸರ್ವೆ ಮಾಡೋನು. ಕಾಳಗ ನಡೆಯಲೇ ಇಲ್ಲ.

ಊರಿನ ಹೆಸರು ಹೊತ್ತವರೆಲ್ಲ ಒಂದೇ ರಕ್ತದವರು ಅಂತಲ್ಲ, ಒಂದೇ ಊರಿಂದ ಹತ್ತು ಮನೆ ಹೊರಟಿರಬಹುದು. ಆದರೆ ನಮ್ಮ ರಿಚರ್ಡ್ ಸ್ಯಾಂಕಿ ಹುಟ್ಟಿದ್ದೂ ಅದೇ ಟಿಪ್ಪರರಿಯಲ್ಲಿ, 1829ರಲ್ಲಿ. ಅಲ್ಲಿಂದ ಮದ್ರಾಸ್ ಸೈನ್ಯದ ಎಂಜಿನಿಯರ್ ಆಗಿ ಬಂದರು, ಆಮೇಲೆ ಮೈಸೂರು. ಇಲ್ಲಿ ಒಂದರ ಕೋಡಿ ನೀರು ಇನ್ನೊಂದಕ್ಕೆ ಹೋಗುವ ಕೆರೆಗಳ ಸಾಲು ನೋಡಿ ಬೆರಗಾದರು. ಈ ಸೀಮೆಯಲ್ಲಿ ಇನ್ನೊಂದು ಹೊಸ ಕೆರೆಗೆ ಜಾಗ ಹುಡುಕೋದೇ ಜಾಣತನದ ಕೆಲಸ ಅನ್ನೋ ಅರ್ಥದ ಮಾತು 1866ರಲ್ಲಿ ಬರೆದರು. ಅಂಥ ನಾಡಿನ ಒಂದು ಕೆರೆಗೇ ಅವರ ಹೆಸರು ನಿಂತಿತು. ಹಳ್ಳದಿಂದ ಹೊರಟ ಹೆಸರು ಆರೇಳು ನೂರು ವರ್ಷ ಅಲೆದು ಮತ್ತೆ ನೀರಿಗೇ ಬಂತು, ಅಲ್ವಾ?

ಟೈಮ್ ಕಡಿಮೆ ಇದೆ, ಉಳಿದಿದ್ದು ಬೇಗ ಬೇಗ. ಅದೇ ಹಳ್ಳದ ಪಕ್ಕ 1757ರಲ್ಲಿ ಕಲ್ಲಿದ್ದಲು ಸಾಗಿಸೋಕೆ ಸ್ಯಾಂಕಿ ಕಾಲುವೆ ಬಂತು. 1830ರಲ್ಲಿ ಅದರ ಮೇಲೆ ಒಂಬತ್ತು ಕಮಾನಿನ ರೈಲು ಸೇತುವೆ ಎದ್ದಿತು. ಆಫೀಸ್ ಪ್ರೆಸೆಂಟೇಷನ್‌ಗಳಲ್ಲಿ ದಪ್ಪ ಪಟ್ಟಿಗಳು ಹಳ್ಳದ ಹಾಗೆ ಕವಲೊಡೆದು ಹರಿಯೋ ಚಿತ್ರ ನೋಡಿದ್ದೀರಲ್ಲ, ಸ್ಯಾಂಕಿ ಡಯಾಗ್ರಾಂ? ಅದನ್ನು 1898ರಲ್ಲಿ ಉಗಿ ಎಂಜಿನ್‌ನಲ್ಲಿ ಶಕ್ತಿ ಎಲ್ಲೆಲ್ಲಿಗೆ ಹೋಗುತ್ತೆ ಅಂತ ತೋರಿಸೋಕೆ ಬರೆದ ಮ್ಯಾಥ್ಯೂ ಸ್ಯಾಂಕಿ ಕೂಡ ಟಿಪ್ಪರರಿಯವರೇ.

ನಿಮ್ಮ ಮನೆತನದ ಹೆಸರಲ್ಲೂ ಒಂದು ಊರಿದ್ದರೆ ಮನೆಯ ಹಿರಿಯರನ್ನು ಕೇಳಿ, ಆ ಊರನ್ನು ಯಾರು ಬಿಟ್ಟರು, ಯಾಕೆ ಬಿಟ್ಟರು ಅಂತ. ಕಾಮೆಂಟ್‌ನಲ್ಲಿ ಬರೆಯಿರಿ. ಅಲ್ಲಿನ ಹಳ್ಳದ ಹೆಸರು ಯಾರಿಗಾದರೂ ನೆನಪಿದ್ದರೆ ಅದನ್ನೂ ಸೇರಿಸಿ.