ಯಂತ್ರ ಬೇಡದ ಸಂಶೋಧನೆಗಳು: ಕ್ಯಾನ್ಸರ್, ಶಸ್ತ್ರಚಿಕಿತ್ಸೆ ಮತ್ತು ಮನಸ್ಸು

[ದೃಶ್ಯ: ಮಡಿಕೇರಿ ಬಸ್ ನಿಲ್ದಾಣ, ಬೆಳಗಿನ ಜಾವ, ಮಂಜು. ಮೈಸೂರಿಗೆ ಹೊರಟ ಬಸ್ಸಿನ ಕಿಟಕಿ. ಕುಳಿತವರ ಮಡಿಲಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಆಸ್ಪತ್ರೆಯ ಫೈಲು.]

ನಮಸ್ಕಾರ. ಕೊಡಗಿಗೆ ರೈಲು ಇಲ್ಲ. ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಎಂದು ಗೊತ್ತಾದ ದಿನ ಇಲ್ಲಿನವರು ಮೊದಲು ಹಾಕುವ ಲೆಕ್ಕ ದಾರಿಯದ್ದು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಮಂಗಳೂರಿಗೆ ಸುಮಾರು 140, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೆ 250ಕ್ಕೂ ಹೆಚ್ಚು. ಆಪರೇಷನ್‌ಗೆ ಒಮ್ಮೆ, ಕೀಮೋಗೆ ಹಲವು ಬಾರಿ, ‘ಕರೆಂಟ್’, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸುವುದಾದರೆ ವಾರಕ್ಕೆ ಐದು ದಿನದಂತೆ ಹಲವು ವಾರ. ತೋಟದ ಕೆಲಸ ಬಿಟ್ಟು, ಪೇಟೆಯಲ್ಲಿ ರೂಮು ಹಿಡಿದು, ಜೊತೆಗೊಬ್ಬರನ್ನು ಇರಿಸಿಕೊಂಡು ಇದೆಲ್ಲ ನಡೆಯಬೇಕು.

ಕ್ಯಾನ್ಸರ್ ಸಂಶೋಧನೆಯ ಸುದ್ದಿ ಎಂದರೆ ನಮ್ಮ ಕಣ್ಣಿಗೆ ಬೀಳುವುದು ರೋಬೋಟ್, ಜೀನ್ ಪರೀಕ್ಷೆ, ಲಕ್ಷಗಟ್ಟಲೆ ಬೆಲೆಯ ಇಂಜೆಕ್ಷನ್. ಅವು ಮುಖ್ಯವಲ್ಲ ಎಂದು ಹೇಳುತ್ತಿಲ್ಲ. ಆದರೆ ಈ ವಿಡಿಯೋಗಾಗಿ ಓದಲು ಕುಳಿತಾಗ ನಾನು ಒಂದೇ ಜರಡಿ ಹಿಡಿದೆ: ದೊಡ್ಡ ಯಂತ್ರವಿಲ್ಲದ ಬೆಟ್ಟದ ಜಿಲ್ಲೆಗೆ ಯಾವ ಫಲಿತಾಂಶ ಉಪಯೋಗಕ್ಕೆ ಬರುತ್ತದೆ? ಜರಡಿಯಲ್ಲಿ ಉಳಿದವುಗಳಲ್ಲಿ ಹೆಚ್ಚಿನವು ಎರಡು ಸಂಗತಿಗಳಿಗೆ ಸಂಬಂಧಿಸಿದ್ದವು. ಒಂದು, ಶಸ್ತ್ರಚಿಕಿತ್ಸೆಯಲ್ಲಿ ಎಷ್ಟು ತೆಗೆಯಬೇಕು ಎಂಬುದು. ಇನ್ನೊಂದು, ಆ ಹೊತ್ತಿನಲ್ಲಿ ರೋಗಿಯ ಮನಸ್ಸಿಗೆ ಏನಾಗುತ್ತದೆ ಎಂಬುದು.

ಮೊದಲು ಅತ್ಯಂತ ಅಗ್ಗದ್ದನ್ನು ಹೇಳಿಬಿಡುತ್ತೇನೆ. ಹಲ್ಲು ಕೀಳುವ ಮುನ್ನ ವಸಡಿಗೆ ಚುಚ್ಚುವ ಮರಗಟ್ಟಿಸುವ ಔಷಧಿ ಲಿಡೋಕೇಯ್ನ್ ನಿಮಗೆ ಗೊತ್ತಿದೆ. ಮುಂಬೈನ ಟಾಟಾ ಮೆಮೋರಿಯಲ್ ಕೇಂದ್ರದ ಡಾ. ರಾಜೇಂದ್ರ ಬಡ್ವೆ ಅವರ ತಂಡವು, ಸ್ತನ ಕ್ಯಾನ್ಸರ್ ಆಪರೇಷನ್‌ಗೆ ಏಳರಿಂದ ಹತ್ತು ನಿಮಿಷ ಮೊದಲು ಈ ಔಷಧಿಯನ್ನು ಗೆಡ್ಡೆಯ ಸುತ್ತ ಚುಚ್ಚಿದರೆ ಏನಾಗುತ್ತದೆ ಎಂದು ಭಾರತದ 11 ಕೇಂದ್ರಗಳಲ್ಲಿ ಪರೀಕ್ಷಿಸಿತು. 2023ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸುಮಾರು 1,600 ಮಹಿಳೆಯರ ಲೆಕ್ಕವಿದೆ. ಐದು ವರ್ಷದ ನಂತರ ಬದುಕಿದ್ದವರು ಚುಚ್ಚಿಸಿಕೊಂಡವರಲ್ಲಿ ಶೇ. 90.1, ಚುಚ್ಚಿಸಿಕೊಳ್ಳದವರಲ್ಲಿ ಶೇ. 86.4. ಆಪರೇಷನ್ ಮಾಡುವಾಗ ಗೆಡ್ಡೆಯನ್ನು ಮುಟ್ಟಿ ಅಲುಗಾಡಿಸಿದರೆ ಜೀವಕೋಶಗಳು ಹರಡುವ ಸಾಧ್ಯತೆ ಇರುತ್ತದೆ, ಈ ಔಷಧಿ ಅದನ್ನು ತಡೆಯುತ್ತಿರಬಹುದು ಎಂಬುದು ತಂಡದ ವಿವರಣೆ. ಬೇರೆ ದೇಶಗಳಲ್ಲಿಯೂ ಇದೇ ಪರೀಕ್ಷೆ ನಡೆದು ಇದೇ ಉತ್ತರ ಬಂದರೆ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ. ಅಲ್ಲಿಯವರೆಗೂ ಆಪರೇಷನ್‌ಗೆ ಮುಂಚೆ ನಿಮ್ಮ ಸರ್ಜನ್‌ರನ್ನು ಈ ಬಗ್ಗೆ ಕೇಳುವುದರಲ್ಲಿ ತಪ್ಪೇನೂ ಇಲ್ಲ.

[ದೃಶ್ಯ: ಕಾಫಿ ಕುಯ್ಲು. ಕೈಗಳು ಮಾತ್ರ. ಮೇಲಿನ ಕೊಂಬೆಯನ್ನು ಬಗ್ಗಿಸಿ ಹಿಡಿದ ಎಡಗೈ, ಹಣ್ಣು ಬಿಡಿಸುವ ಬಲಗೈ.]

ಈಗ ಈ ಕೈಗಳನ್ನು ಸ್ವಲ್ಪ ಹೊತ್ತು ನೋಡಿ. ಸೋಮವಾರಪೇಟೆ ಕಡೆಯ ತೋಟವೊಂದರ ಲೈನ್ ಮನೆಯಲ್ಲಿ ಐವತ್ತೈದು ವರ್ಷದ ಒಬ್ಬ ಅಕ್ಕ ಇದ್ದಾರೆ ಎಂದು ಊಹಿಸಿಕೊಳ್ಳೋಣ. ನವೆಂಬರಿನಿಂದ ಅರೇಬಿಕಾ, ಅದು ಮುಗಿಯುತ್ತಿದ್ದಂತೆ ರೋಬಸ್ಟಾ. ಆ ನಾಲ್ಕೈದು ತಿಂಗಳು ದಿನವಿಡೀ ಕೈ ಎತ್ತಿ ಹಣ್ಣು ಬಿಡಿಸುವುದೇ ಇವರ ಸಂಪಾದನೆ. ಸ್ತನದಲ್ಲಿ ಚಿಕ್ಕ ಗೆಡ್ಡೆ ಪತ್ತೆಯಾಗಿದೆ. ಗೆಡ್ಡೆಯ ಜೊತೆಗೆ ಕಂಕುಳಿನ ಗ್ರಂಥಿಗಳಲ್ಲಿ ಒಂದೆರಡನ್ನು ತೆಗೆದು, ಕಾಯಿಲೆ ಅಲ್ಲಿಗೆ ಹರಡಿದೆಯೇ ಎಂದು ನೋಡುವುದು ಹಲವು ವರ್ಷಗಳ ರೂಢಿ. ಈ ಗ್ರಂಥಿಗಳು ಕೈಯಿಂದ ಬರುವ ದುಗ್ಧರಸ ಹಾದುಹೋಗುವ ತೂಬುಗಳಿದ್ದಂತೆ. ಅವನ್ನು ಕೆದಕಿದ ಮೇಲೆ ಕೆಲವರಿಗೆ ಕೈ ಊದಿಕೊಳ್ಳುತ್ತದೆ, ಭುಜ ಪೂರ್ತಿ ಏಳುವುದಿಲ್ಲ. ಮೇಜಿನ ಮುಂದೆ ಕುಳಿತು ದುಡಿಯುವವರಿಗೆ ಅದು ಕಿರಿಕಿರಿ. ಕಾಫಿ ಬಿಡಿಸುವವರಿಗಾದರೆ ಆ ವರ್ಷದ ಕೂಲಿಯೇ ಹೋದಂತೆ.

ಈ ರೂಢಿಯನ್ನು ಎರಡು ದೊಡ್ಡ ಅಧ್ಯಯನಗಳು ಪ್ರಶ್ನಿಸಿವೆ. ಇಟಲಿಯ ಮಿಲಾನ್ ನಗರದವರ ಮುಂದಾಳತ್ವದ ‘ಸೌಂಡ್’ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಎರಡು ಸೆಂಟಿಮೀಟರ್‌ವರೆಗಿನ ಗೆಡ್ಡೆ ಇದ್ದು, ಕಂಕುಳಿನ ಅಲ್ಟ್ರಾಸೌಂಡ್‌ನಲ್ಲಿ ತೊಂದರೆ ಕಾಣದ 1,405 ಮಹಿಳೆಯರ ಫಲಿತಾಂಶ ಅದರಲ್ಲಿದೆ. ಐದು ವರ್ಷದ ಕೊನೆಗೆ ಕಾಯಿಲೆ ದೂರದ ಅಂಗಗಳಿಗೆ ಹರಡದೆ ಬದುಕಿದ್ದವರು ಗ್ರಂಥಿ ತೆಗೆಸಿಕೊಂಡವರಲ್ಲಿ ಶೇ. 97.7, ಕಂಕುಳನ್ನು ಮುಟ್ಟದೆ ಬಿಟ್ಟವರಲ್ಲಿ ಶೇ. 98. ಜರ್ಮನಿ ಮತ್ತು ಆಸ್ಟ್ರಿಯಾದಲ್ಲಿ ನಡೆದ, ಐದು ಸಾವಿರಕ್ಕೂ ಹೆಚ್ಚು ಮಹಿಳೆಯರು ಭಾಗವಹಿಸಿದ್ದ ‘ಇನ್ಸೆಮಾ’ ಅಧ್ಯಯನ 2024ರ ಡಿಸೆಂಬರ್‌ನಲ್ಲಿ ಬಂತು. ಅಲ್ಲಿಯೂ ಐದು ವರ್ಷದ ಕೊನೆಗೆ ಕಾಯಿಲೆ ಮರಳದೆ ಬದುಕಿದ್ದವರ ಲೆಕ್ಕದಲ್ಲಿ ಎರಡು ಗುಂಪುಗಳು ಸರಿಸುಮಾರು ಸಮಾನವಾಗಿದ್ದವು: ಕಂಕುಳನ್ನು ಮುಟ್ಟದೆ ಬಿಟ್ಟವರಲ್ಲಿ ಶೇ. 91.9, ಗ್ರಂಥಿ ತೆಗೆಸಿಕೊಂಡವರಲ್ಲಿ ಶೇ. 91.7. ಕಂಕುಳಿನಲ್ಲಿಯೇ ಕಾಯಿಲೆ ಮರಳಿದ್ದು, ಅಲ್ಲಿ ಕೈಹಾಕದೆ ಬಿಟ್ಟವರಲ್ಲಿ ನೂರಕ್ಕೆ ಒಬ್ಬರಲ್ಲಿ. ಇನ್ನೊಂದು ಗುಂಪಿನಲ್ಲಿ ಅದಕ್ಕಿಂತ ಕಡಿಮೆ. ಕೈ ಊತದ ವಿಷಯದಲ್ಲಿ ಲೆಕ್ಕ ತಿರುಗುತ್ತದೆ: ತೆಗೆಸಿಕೊಂಡವರಲ್ಲಿ ಶೇ. 5.7, ತೆಗೆಸದವರಲ್ಲಿ ಶೇ. 1.8.

ಎಲ್ಲರಿಗೂ ಇದು ಅನ್ವಯಿಸುವುದಿಲ್ಲ, ಇಲ್ಲಿ ಎಚ್ಚರ ಬೇಕು. ಅಧ್ಯಯನದಲ್ಲಿದ್ದವರದ್ದು ಬಹುಪಾಲು ಚಿಕ್ಕ ಗೆಡ್ಡೆ, ಬೇಗ ಪತ್ತೆಯಾದದ್ದು, ಸ್ತನವನ್ನು ಉಳಿಸಿಕೊಂಡು, ಆಮೇಲೆ ‘ಕರೆಂಟ್’ ಕೊಡಿಸಿಕೊಂಡವರೇ ಹೆಚ್ಚು. ನಮ್ಮಲ್ಲಿ ಬಹುತೇಕರು ಆಸ್ಪತ್ರೆಗೆ ಬರುವುದು ಗೆಡ್ಡೆ ಕೈಗೆ ಸಿಕ್ಕ ಮೇಲೆ, ಅದೂ ‘ಕುಯ್ಲು ಮುಗಿಯಲಿ, ಮಳೆ ನಿಲ್ಲಲಿ’ ಎಂದು ಕೆಲವು ತಿಂಗಳು ತಳ್ಳಿದ ಮೇಲೆ. ತಡವಾದಷ್ಟೂ ಕತ್ತರಿಯ ಕೆಲಸ ಹೆಚ್ಚುತ್ತದೆ. ಆದರೂ ನಮ್ಮ ಅಕ್ಕ ತಾವು ಏನು ಕೆಲಸ ಮಾಡುತ್ತೇನೆ ಎಂಬುದನ್ನು ಸರ್ಜನ್‌ಗೆ ಆಪರೇಷನ್‌ಗೆ ಮುಂಚೆಯೇ ಹೇಳಬೇಕು. ಕೈ ಎತ್ತಿ ದುಡಿಯುವವರು ಎಂಬ ಮಾಹಿತಿ ಸಾಮಾನ್ಯವಾಗಿ ಯಾವ ಸ್ಕ್ಯಾನ್‌ನಲ್ಲೂ ಕಾಣುವುದಿಲ್ಲ.

‘ಒಳಗೆ ಇಟ್ಟುಕೊಂಡರೆ ಹೆದರಿಕೆಯಲ್ಲೇ ಸಾಯುತ್ತೇನೆ, ಎಲ್ಲ ತೆಗೆದುಬಿಡಿ ಡಾಕ್ಟ್ರೇ’ ಎನ್ನುವವರು ಇದ್ದಾರೆ. ಈ ಭಯಕ್ಕೂ ಒಂದು ಪರೀಕ್ಷೆ ನಡೆದಿದೆ. ಅಮೆರಿಕದ ‘ಕಾಮೆಟ್’ ಅಧ್ಯಯನದಲ್ಲಿ, ಹಾಲಿನ ನಾಳದೊಳಗಷ್ಟೇ ಇರುವ, ಕಡಿಮೆ ಅಪಾಯದ ಆರಂಭಿಕ ಬದಲಾವಣೆ ಇದ್ದ 957 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ವಾಡಿಕೆಯ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ನಿಗದಿತ ತಪಾಸಣೆ ಮಾಡುತ್ತ ಕಾಯುವುದು. ಎರಡು ವರ್ಷದಲ್ಲಿ ಹರಡುವ ಕ್ಯಾನ್ಸರ್ ಕಂಡದ್ದು ಮೊದಲ ಗುಂಪಿನ ಶೇ. 5.9ರಷ್ಟು, ಎರಡನೆಯ ಗುಂಪಿನ ಶೇ. 4.2ರಷ್ಟು ಜನರಲ್ಲಿ. ಕಾಯುತ್ತಿದ್ದವರ ಆತಂಕ, ಖಿನ್ನತೆ, ಚಿಂತೆಗಳು ಆಪರೇಷನ್ ಆದವರಿಗಿಂತ ಹೆಚ್ಚಿರಲಿಲ್ಲ. ಎರಡು ವರ್ಷ ಬಹಳ ಕಡಿಮೆ ಅವಧಿ. ಹಾಗಾಗಿ ಇದನ್ನು ಇಲ್ಲಿಗೇ ಬಿಡುತ್ತೇನೆ.

[ದೃಶ್ಯ: ಮನೆಯ ಜಗಲಿ. ನೆಂಟರು ಬಂದಿದ್ದಾರೆ. ಕಾಫಿ ಲೋಟಗಳು. ನಡುವೆ ಮಾತಿಲ್ಲದೆ ಕುಳಿತ ಒಬ್ಬರು.]

ಕ್ಯಾನ್ಸರ್ ಬಂದವರ ಮನೆಗೆ ಹೋದವರೆಲ್ಲ ಹೇಳುವ ಮಾತು ಒಂದೇ: ‘ಧೈರ್ಯವಾಗಿರಿ. ಮನಸ್ಸು ಗಟ್ಟಿಯಿದ್ದರೆ ಕಾಯಿಲೆ ತಾನಾಗಿ ಓಡಿಹೋಗುತ್ತದೆ.’ ಹೇಳುವವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಮಾತಿನ ಬಗ್ಗೆ ಮಾತ್ರ ತಕರಾರಿದೆ, ಯಾಕೆಂದರೆ ಅದನ್ನು ವಿಜ್ಞಾನಿಗಳು ನಿಜವಾಗಿಯೂ ಪರೀಕ್ಷಿಸಿ ನೋಡಿದ್ದಾರೆ. 1989ರಲ್ಲಿ ಅಮೆರಿಕದ ಮನೋವೈದ್ಯ ಡೇವಿಡ್ ಸ್ಪೀಗಲ್ ಅವರು, ಹರಡಿದ ಸ್ತನ ಕ್ಯಾನ್ಸರ್ ಇದ್ದ 86 ಮಹಿಳೆಯರಲ್ಲಿ, ವಾರಕ್ಕೊಮ್ಮೆ ಗುಂಪಿನಲ್ಲಿ ಕುಳಿತು ಮಾತನಾಡಿದವರು ಉಳಿದವರಿಗಿಂತ ಸರಾಸರಿ ಒಂದೂವರೆ ವರ್ಷ ಹೆಚ್ಚು ಬದುಕಿದರು ಎಂದು ವರದಿ ಮಾಡಿದರು. ಜಗತ್ತು ಬೆರಗಾಯಿತು. 2001ರಲ್ಲಿ ಕೆನಡಾದ ಪಮೇಲಾ ಗುಡ್‌ವಿನ್ ಅವರ ತಂಡ ಅದೇ ಬಗೆಯ ಚಿಕಿತ್ಸೆಯನ್ನು 235 ಮಹಿಳೆಯರಲ್ಲಿ ಪರೀಕ್ಷಿಸಿದಾಗ ಆಯುಷ್ಯದಲ್ಲಿ ವ್ಯತ್ಯಾಸವೇ ಕಾಣಲಿಲ್ಲ: 17.9 ತಿಂಗಳು, 17.6 ತಿಂಗಳು. ಆದರೆ ಗುಂಪಿಗೆ ಹೋದವರ ಮನಸ್ಸಿನ ಸಂಕಟ ಇಳಿದಿತ್ತು, ನೋವೂ ಕಡಿಮೆಯೆನಿಸಿತ್ತು.

ಇದರ ಅರ್ಥ ನನಗೆ ತೋಚುವುದು ಹೀಗೆ. ಕಾಯಿಲೆ ಮರುಕಳಿಸಿದರೆ ಅದು ರೋಗಿಯ ಧೈರ್ಯ ಸಾಲದ್ದರ ಫಲವಲ್ಲ. ಆ ತಪ್ಪಿತಸ್ಥ ಭಾವವನ್ನು ನಾವು ಅವರ ತಲೆಗೆ ಕಟ್ಟಬಾರದು. ಜೊತೆಗೆ, ಖಿನ್ನತೆಗೆ ಚಿಕಿತ್ಸೆ ಕೊಡಲು ‘ಆಯುಷ್ಯ ಹೆಚ್ಚುತ್ತದೆ’ ಎಂಬ ಕಾರಣವೇ ಬೇಕಿಲ್ಲ. ಹೊಟ್ಟೆನೋವಿಗೆ ಔಷಧಿ ಕೊಡುವಾಗ ಯಾರೂ ಹಾಗೆ ಕೇಳುವುದಿಲ್ಲ.

ಖಿನ್ನತೆ ಎಂದರೆ ಅಳು ಮಾತ್ರವಲ್ಲ. ಕೀಮೋದ ನಂತರದ ಸುಸ್ತು, ನಿದ್ರೆ ಇಲ್ಲದಿರುವುದು, ಊಟ ಸೇರದಿರುವುದು, ಇವೆಲ್ಲ ಕಾಯಿಲೆಯಿಂದಲೂ ಬರಬಹುದು, ಖಿನ್ನತೆಯಿಂದಲೂ ಬರಬಹುದು. ಅದಕ್ಕೇ ಇದು ಕಣ್ತಪ್ಪಿಹೋಗುತ್ತದೆ. ಸ್ಕಾಟ್ಲೆಂಡ್‌ನ ಕ್ಯಾನ್ಸರ್ ಚಿಕಿತ್ಸಾಲಯಗಳ 21,000ಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ನೋಡಿದಾಗ, ತೀವ್ರ ಖಿನ್ನತೆ ಇದ್ದವರಲ್ಲಿ ಶೇ. 73ರಷ್ಟು ಜನರಿಗೆ ಅದಕ್ಕೆ ತಕ್ಕ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಉಚಿತ ವೈದ್ಯಕೀಯ ವ್ಯವಸ್ಥೆ ಇರುವ ದೇಶದ ಕತೆ ಇದು. ಅದೇ ತಂಡ 2014ರಲ್ಲಿ 500 ರೋಗಿಗಳಲ್ಲಿ ಒಂದು ಹೊಸ ಕ್ರಮವನ್ನು ಪರೀಕ್ಷಿಸಿತು. ತರಬೇತಿ ಪಡೆದ ಕ್ಯಾನ್ಸರ್ ನರ್ಸ್ ನಾಲ್ಕು ತಿಂಗಳಲ್ಲಿ ಹೆಚ್ಚೆಂದರೆ ಹತ್ತು ಬಾರಿ ರೋಗಿಯ ಜೊತೆ ಕುಳಿತು ಮಾತನಾಡುವುದು, ದಿನದ ಚಿಕ್ಕಪುಟ್ಟ ಕೆಲಸಗಳಿಗೆ ಮರಳಲು, ಎದುರಾದ ತೊಡಕುಗಳನ್ನು ಒಂದೊಂದಾಗಿ ಬಿಡಿಸಲು ನೆರವಾಗುವುದು. ಮನೋವೈದ್ಯರು ಹಿಂದಿನಿಂದ ಮಾರ್ಗದರ್ಶನ ಮಾಡುತ್ತ ಅಗತ್ಯವಿದ್ದರೆ ಮಾತ್ರೆ ಹೊಂದಿಸುವುದು. ಆಮೇಲೆ ತಿಂಗಳಿಗೊಮ್ಮೆ ಫೋನಿನಲ್ಲಿ ವಿಚಾರಿಸುವುದು. ಆರು ತಿಂಗಳ ಹೊತ್ತಿಗೆ ಖಿನ್ನತೆ ಅರ್ಧಕ್ಕಾದರೂ ಇಳಿದವರು ಈ ಗುಂಪಿನಲ್ಲಿ ಶೇ. 62, ವಾಡಿಕೆಯ ಚಿಕಿತ್ಸೆಯಲ್ಲಿ ಶೇ. 17.

ಈ ಅಂತರ ನನ್ನನ್ನು ತಡೆದು ನಿಲ್ಲಿಸಿತು. ಲಕ್ಷಗಟ್ಟಲೆ ಬೆಲೆಯ ಔಷಧಿಗಳಲ್ಲಿಯೂ ಇಷ್ಟು ದೊಡ್ಡ ವ್ಯತ್ಯಾಸ ಅಪರೂಪ. ಇದಕ್ಕೆ ಬೇಕಾದದ್ದು ತರಬೇತಿ ಪಡೆದ ಒಬ್ಬ ನರ್ಸ್, ಎರಡು ಕುರ್ಚಿ, ಒಂದು ಫೋನು. ಮಡಿಕೇರಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಊರೂರಿನಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ಈ ಕ್ರಮ ಇಲ್ಲಿ ಅಸಾಧ್ಯವೆಂದು ನನಗೆ ಅನ್ನಿಸುವುದಿಲ್ಲ.

ಸಮಯದ ಬಗ್ಗೆ ಒಂದು ಮಾತು, ಸ್ವಲ್ಪ ಕಠಿಣವಾದದ್ದು. ಸ್ವೀಡನ್ನಿನ 60 ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳ ಮೇಲೆ 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕ್ಯಾನ್ಸರ್ ಎಂದು ತಿಳಿದ ಮೊದಲ ವಾರದಲ್ಲಿ ಆತ್ಮಹತ್ಯೆಯ ಅಪಾಯ ಕ್ಯಾನ್ಸರ್ ಇಲ್ಲದವರಿಗಿಂತ ಸುಮಾರು ಹನ್ನೆರಡೂವರೆ ಪಟ್ಟು ಹೆಚ್ಚಿತ್ತು. ಮೊದಲ ವರ್ಷದಲ್ಲಿ ಸುಮಾರು ಮೂರು ಪಟ್ಟು. ಹಾಗೆ ಜೀವ ಕಳೆದುಕೊಳ್ಳುವವರು ಬಹಳ ಕಡಿಮೆ ಜನ ಎಂಬುದೂ ನಿಜ. ಆದರೂ ಬಯಾಪ್ಸಿ ವರದಿ ಹಿಡಿದು ಮೈಸೂರಿನಿಂದ ಒಬ್ಬರೇ ಬಸ್ಸಿನಲ್ಲಿ ಮರಳುವ ಆ ಮೂರ್ನಾಲ್ಕು ಗಂಟೆ, ಆ ವಾರದ ರಾತ್ರಿಗಳು, ಇವುಗಳಲ್ಲಿ ಜೊತೆಗೊಬ್ಬರು ಇರಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು, ದುಡ್ಡು ಬೇಕಿಲ್ಲ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಬೆನ್ನೆಲುಬು.

[ದೃಶ್ಯ: ಮಳೆಗಾಲದ ತೋಟದ ದಾರಿ. ನಡೆಯುತ್ತಿರುವ ಕಾಲುಗಳು.]

ಆಪರೇಷನ್, ಕೀಮೋ ಎರಡೂ ಮುಗಿದ ಮೇಲೆ ‘ಇನ್ನು ಮಲಗಿ ಸುಧಾರಿಸಿಕೊಳ್ಳಿ’ ಎನ್ನುತ್ತೇವಲ್ಲ, ಅದಕ್ಕೂ 2025ರಲ್ಲಿ ಉತ್ತರ ಬಂತು. ಕೆನಡಾ ಮತ್ತು ಆಸ್ಟ್ರೇಲಿಯಾದವರು ಹೆಚ್ಚಾಗಿದ್ದ ‘ಚಾಲೆಂಜ್’ ಅಧ್ಯಯನದಲ್ಲಿ, ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮತ್ತು ಕೀಮೋ ಮುಗಿಸಿದ 889 ಜನರಲ್ಲಿ ಅರ್ಧದಷ್ಟು ಮಂದಿಗೆ ಆರೋಗ್ಯದ ಕೈಪಿಡಿ ಕೊಟ್ಟರು, ಉಳಿದವರಿಗೆ ಮೂರು ವರ್ಷ ತರಬೇತುದಾರರ ನೆರವಿನಿಂದ ವ್ಯಾಯಾಮ ಮಾಡಿಸಿದರು. ಎಂಟು ವರ್ಷದ ನಂತರ ಬದುಕಿದ್ದವರು ವ್ಯಾಯಾಮದ ಗುಂಪಿನಲ್ಲಿ ಶೇ. 90.3, ಕೈಪಿಡಿಯ ಗುಂಪಿನಲ್ಲಿ ಶೇ. 83.2. ಬಿರುಸಾಗಿ, ವಾರಕ್ಕೆ ಮೂರ್ನಾಲ್ಕು ದಿನ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ನಡೆದರೆ ಆ ಪ್ರಮಾಣಕ್ಕೆ ಹತ್ತಿರವಾಗುತ್ತದೆ. ವೈದ್ಯರನ್ನು ಕೇಳಿಯೇ ಶುರುಮಾಡಿ. ಆನೆ ಓಡಾಡುವ ಕಡೆ ಇರುವವರು, ವಾಕಿಂಗ್ ಎಂದರೆ ಬೆಳಗಿನ ಜಾವವೇ ಆಗಬೇಕೆಂಬ ಪೇಟೆಯವರ ನಿಯಮವನ್ನು ಪಾಲಿಸುವುದು ಬೇಡ. ಬಿಸಿಲೇರಿದ ಮೇಲೆ ನಡೆದರೂ ಕಾಲಿಗೆ ಅಷ್ಟೇ ಕೆಲಸ. ಕಕ್ಕಡ ತಿಂಗಳ ಮಳೆಯಲ್ಲಿ ಕಾಫಿ ಕಣದ ಷೆಡ್ಡಿನೊಳಗೆ ಸುತ್ತು ಹಾಕಬಹುದು.

ಕೊನೆಯದು ಔಷಧಿಯ ವಿಷಯ. ಆಪರೇಷನ್ ಆದ ನಂತರ ಹಲವು ಮಹಿಳೆಯರು ಟಾಮಾಕ್ಸಿಫೆನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುತ್ತಾರೆ. ಅದು ದೇಹದೊಳಗೆ ಒಂದು ಕಿಣ್ವದ ಸಹಾಯದಿಂದ ಹೆಚ್ಚು ಬಲದ ರೂಪಕ್ಕೆ ಬದಲಾಗಿ ಕೆಲಸ ಮಾಡುತ್ತದೆ. ಖಿನ್ನತೆಗೆ ಕೊಡುವ ಪ್ಯಾರಾಕ್ಸೆಟಿನ್, ಫ್ಲೂಕ್ಸೆಟಿನ್ ಎಂಬ ಮಾತ್ರೆಗಳು ಆ ಕಿಣ್ವವನ್ನು ಬಲವಾಗಿ ತಡೆಯುತ್ತವೆ. ಆದ್ದರಿಂದ ಟಾಮಾಕ್ಸಿಫೆನ್ ಜೊತೆ ಅವನ್ನು ಸಾಮಾನ್ಯವಾಗಿ ತಪ್ಪಿಸುತ್ತಾರೆ. ಬದಲಿ ಮಾತ್ರೆಗಳು ಇವೆ. ಕ್ಯಾನ್ಸರ್ ಡಾಕ್ಟರು ಮೈಸೂರಿನಲ್ಲಿ, ಮನೋವೈದ್ಯರು ಮಡಿಕೇರಿಯಲ್ಲಿ ಇದ್ದಾಗ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ತಿಳಿಯದೆ ಹೋಗಬಹುದು. ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಎರಡೂ ಚೀಟಿಗಳನ್ನು ಒಂದೇ ಫೈಲಿನಲ್ಲಿಟ್ಟು, ಇಬ್ಬರಿಗೂ ತೋರಿಸಿ.

ಆ ಫೈಲಿನ ಮೊದಲ ಪುಟದ ಹಿಂಬದಿಯಲ್ಲಿ ಸೊನ್ನೆಯಿಂದ ಹತ್ತರವರೆಗೆ ಒಂದು ಗೀಟು ಎಳೆಯಿರಿ. ಕಳೆದ ವಾರ ಮನಸ್ಸಿಗೆ ಎಷ್ಟು ಸಂಕಟವಾಯಿತು ಎಂದು ರೋಗಿಯೇ ಅದರ ಮೇಲೆ ಗುರುತು ಹಾಕಲಿ. ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ‘ಸಂಕಟದ ಥರ್ಮಾಮೀಟರ್’ ಎಂದರೆ ಇಷ್ಟೇ. ಗುರುತು ನಾಲ್ಕು ಅಥವಾ ಅದಕ್ಕಿಂತ ಮೇಲೆ ಬಿದ್ದರೆ, ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಸ್ಕ್ಯಾನ್ ವರದಿಗಿಂತ ಮೊದಲು ಆ ಪುಟವನ್ನು ವೈದ್ಯರ ಮುಂದೆ ಇಡಿ.

[ದೃಶ್ಯ: ಕಾಗದದ ಮೇಲೆ ಗೀಟು ಎಳೆಯುವ ಕೈ. ಪರದೆಯ ಮೇಲೆ: ಟೆಲಿ ಮಾನಸ್ 14416.]