ಬಿಟ್ಟು ಬಂದ ಹಾವು ಎಲ್ಲಿಗೆ ಹೋಗುತ್ತದೆ?

ಎಲ್ಲರಿಗೂ ನಮಸ್ಕಾರ.

ಮಲೆನಾಡಿನಲ್ಲಿ ಕೊಟ್ಟಿಗೆಗೆ ಕಾಳಿಂಗ ಬಂದರೆ ಕೋಲು ಹುಡುಕುವ ಬದಲು ಹಾವು ಹಿಡಿಯುವವರಿಗೆ ಫೋನ್ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಇದು ನನಗೆ ಹೆಮ್ಮೆಯ ವಿಷಯ. ಆದರೆ ಹಿಡಿದ ಹಾವನ್ನು ದೂರದ ದಟ್ಟ ಕಾಡಿಗೆ ಬಿಟ್ಟು ಬಂದ ಮೇಲೆ ಅದು ಏನಾಯಿತು ಎಂದು ಯಾರಾದರೂ ನೋಡಿದ್ದೇವಾ?

ಆಗುಂಬೆಯಲ್ಲಿ ನೋಡಿದ್ದಾರೆ. ಅಲ್ಲಿನ ಮಳೆಕಾಡು ಸಂಶೋಧನಾ ಕೇಂದ್ರವನ್ನು ಹಾವುಗಳ ತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಶುರು ಮಾಡಿದರು. ಸಂಶೋಧಕರು ಕಾಳಿಂಗ ಸರ್ಪಗಳ ಮೈಯೊಳಗೆ ಸಣ್ಣ ರೇಡಿಯೋ ಟ್ರಾನ್ಸ್‌ಮಿಟರ್ ಇಟ್ಟರು. ಆಂಟೆನಾ ಹಿಡಿದು, ಮಳೆ ಜಿಗಣೆ ಲೆಕ್ಕಿಸದೆ ಹಿಂದೆ ನಡೆದರು. ತನ್ನ ಜಾಗದಲ್ಲೇ ಇದ್ದ ಹಾವಿಗಿಂತ, ಬೇರೆ ಕಡೆಯಿಂದ ತಂದು ಬಿಟ್ಟ ಹಾವು ತುಂಬಾ ಜಾಸ್ತಿ ಅಲೆಯಿತು. ಹಾವು ಹೆಚ್ಚು ಅಲೆದಷ್ಟೂ ರಸ್ತೆ ದಾಟಬೇಕು, ಹೆಚ್ಚು ಜನರ ಕಣ್ಣಿಗೆ ಬೀಳಬೇಕು. ಹಿಂಬಾಲಿಸಿದ ಹಾವುಗಳು ಕೆಲವೇ ಕೆಲವು, ಹಾಗಾಗಿ ಇದನ್ನೇ ಕೊನೆಯ ಮಾತು ಅನ್ನಲಾಗದು. ಆದರೂ ಒಂದು ದಾರಿ ಸಿಕ್ಕಿತು. ಹಾವು ತಾನಾಗಿಯೇ ಹೋಗುವ ಹಾಗಿದ್ದರೆ ಹೋಗಲು ಬಿಡಿ. ಹಿಡಿಯಲೇಬೇಕಾದರೆ ಆದಷ್ಟು ಹತ್ತಿರದ ಕಾಡಿನಲ್ಲಿ ಬಿಡಿ. ನಮ್ಮ ಪಶ್ಚಿಮ ಘಟ್ಟದ ಕಾಳಿಂಗವೇ ಬೇರೆ ಪ್ರಭೇದ ಎಂದು 2024ರಲ್ಲಿ ಗುರುತಿಸಿದ್ದಾರೆ. ಇಲ್ಲಿ ಕಳೆದುಕೊಂಡರೆ ಜಗತ್ತಿನ ಬೇರೆಲ್ಲಿಂದಲೂ ತರಲಾಗದು.

ಇನ್ನು ಮಂಗ. ಈ ಹೆಸರು ಎತ್ತಿದರೆ ಸಭೆಯಲ್ಲಿ ಅರ್ಧ ಜನಕ್ಕೆ ಸಿಟ್ಟು ಬರುತ್ತದೆ, ನನಗೆ ಗೊತ್ತು. ಬಾಳೆ, ಏಲಕ್ಕಿ, ಎಳೆ ಅಡಿಕೆ ಯಾವುದನ್ನೂ ಬಿಡುವುದಿಲ್ಲ. ಆ ನಷ್ಟ ನಿಜ. ಆದರೆ ಮೈಸೂರು ಭಾಗದ ಸಂಶೋಧಕರು ಹೆದ್ದಾರಿಗಳಲ್ಲಿ ವರ್ಷಗಟ್ಟಲೆ ಅಂತರದಲ್ಲಿ ಮತ್ತೆ ಮತ್ತೆ ಎಣಿಸಿದಾಗ ಕಂಡದ್ದೇ ಬೇರೆ. ಸುಮಾರು 25 ವರ್ಷಗಳಲ್ಲಿ ಕೆಂಪುಮೂತಿ ಮಂಗಗಳು ಅರ್ಧಕ್ಕಿಂತ ಜಾಸ್ತಿ ಕಡಿಮೆಯಾಗಿದ್ದವು. ರಸ್ತೆ ಬದಿಯ ಹಳೆಯ ಆಲ, ಅತ್ತಿ ಮರಗಳು ಹೋದವು. ಹಿಡಿದು ಬೇರೆ ಕಡೆ ಸಾಗಿಸುವುದೂ ನಡೆಯಿತು. ನಮ್ಮ ತೋಟದಲ್ಲಿ ಕಾಟ ಹೆಚ್ಚಾಗಿರಬಹುದು, ನಾಡಿನಲ್ಲಿ ಮಂಗ ಕಡಿಮೆಯಾಗಿರಬಹುದು. ಎರಡೂ ಒಟ್ಟಿಗೆ ನಿಜ ಇರಬಹುದು, ಅಲ್ವಾ? ಹಿಡಿದು ಸಾಗಿಸಿದ ಮೇಲೆ ತೋಟದ ನಷ್ಟ ಎಷ್ಟು ಇಳಿಯಿತು, ಎಷ್ಟು ತಿಂಗಳು ಇಳಿಯಿತು ಅನ್ನುವ ಲೆಕ್ಕ ಇಟ್ಟರೆ ಮಾತ್ರ ಆ ಖರ್ಚಿಗೆ ಅರ್ಥ ಇದೆಯೇ ಎಂದು ಗೊತ್ತಾಗುತ್ತದೆ. ಇನ್ನೊಂದು ಮಾತು. 1957ರಲ್ಲಿ ಮಂಗನ ಕಾಯಿಲೆ ಗೊತ್ತಾದದ್ದು ನಮ್ಮ ಶಿವಮೊಗ್ಗ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲೇ. ಅಂಥ ಜಿಲ್ಲೆಯಲ್ಲಿ ಮಂಗವನ್ನು ಸಾಗಿಸುವಾಗ ಅದರ ಮೈಮೇಲಿನ, ಈ ಕಾಯಿಲೆ ಹರಡುವ ಉಣುಗೂ ಜೊತೆಗೆ ಹೋಗಬಹುದು ಎಂಬ ಎಚ್ಚರ ಬೇಕು.

ಅಳತೆಯಿಂದ ಏನಾಗುತ್ತದೆ ಎಂಬುದಕ್ಕೆ ಭದ್ರಾ ಹೊಳೆಯನ್ನು ನೋಡಿ. ಕುದುರೆಮುಖದ ಕಬ್ಬಿಣದ ಅದಿರಿನ ಗಣಿಯಿಂದ ಅದಕ್ಕೆ ಮಣ್ಣು ಸೇರುತ್ತದೆ ಎಂದರೆ, ಮಳೆಗಾಲದಲ್ಲಿ ಯಾವ ಹೊಳೆ ಕೆಂಪಾಗುವುದಿಲ್ಲ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ವಿಜ್ಞಾನಿ ಜಗದೀಶ್ ಕೃಷ್ಣಸ್ವಾಮಿ ಮತ್ತು ಜೊತೆಗಾರರು ಕುದುರೆಮುಖದಲ್ಲಿ ಹೊಳೆಯ ನೀರಿನ ಹೂಳನ್ನು ಅಳೆದರು. ಜಲಾನಯನದಲ್ಲಿ ಗಣಿ ಇದ್ದ ಜಾಗ ಸಣ್ಣದು, ಹೂಳಿನಲ್ಲಿ ಅದರ ಪಾಲು ತುಂಬಾ ದೊಡ್ಡದು. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಗಣಿ ಬೇಡ ಎಂಬ ಹೋರಾಟದಲ್ಲಿ ಘೋಷಣೆಯೂ ಬೇಕಿತ್ತು. ಆದರೆ ಮಳೆಗೆ ಎಷ್ಟು ಮಣ್ಣು, ಗಣಿಗೆ ಎಷ್ಟು ಮಣ್ಣು ಎಂದು ಬಿಡಿಸಿ ಹೇಳಲು ಅಳತೆಯಿಂದ ಮಾತ್ರ ಸಾಧ್ಯವಿತ್ತು.

ಅಡಿಕೆ ಬೆಳೆಗಾರರಿಗೆ ಇದು ಹೊಸದೇನೂ ಅಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗವನ್ನು ಅಧ್ಯಯನ ಮಾಡಿ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ದಾರಿ ತೋರಿಸಿದರು. ಹೊಡೆದ ತೋಟ, ಹೊಡೆಯದ ತೋಟ ಪಕ್ಕಪಕ್ಕ ಇದ್ದರೆ ಶ್ರಾವಣದಲ್ಲಿ ಉದುರಿದ ಕಾಯಿ ನೋಡಿಯೇ ಫಲ ಹೇಳುತ್ತೀರಿ. ಇದೇ ಕಣ್ಣನ್ನು ಕಾಡಿನ ಮೇಲೂ ಇಡಿ ಎಂದು ಕೇಳಲು ಬಂದಿದ್ದೇನೆ.

ಪ್ರತಿ ಜೂನ್‌ನಲ್ಲಿ ಬೀಜದುಂಡೆ ಎರಚುತ್ತೇವೆ, ಸಸಿ ನೆಡುತ್ತೇವೆ, ಫೋಟೋ ತೆಗೆಯುತ್ತೇವೆ. ಪತ್ರಿಕೆಗೆ ಹೋಗುವುದು ನೆಟ್ಟ ಲೆಕ್ಕ, ಬದುಕಿದ ಲೆಕ್ಕ ಅಲ್ಲ. ಹಾಗಾಗಿ ಒಂದು ಕೆಲಸ ಮಾಡೋಣ. ತೋಟಕ್ಕೆ ಸೊಪ್ಪು ತರುವ ನಿಮ್ಮ ಸೊಪ್ಪಿನ ಬೆಟ್ಟದ ಒಂದು ಮೂಲೆಯಲ್ಲಿ ಅಕ್ಕಪಕ್ಕ ಮೂರು ತುಂಡು ಗುರುತು ಮಾಡಿ. ಮೂರಕ್ಕೂ ಒಂದೇ ಥರದ ಬೇಲಿ. ಒಂದರಲ್ಲಿ ಬೀಜದುಂಡೆ, ಒಂದರಲ್ಲಿ ಸಸಿ, ಇನ್ನೊಂದನ್ನು ಸುಮ್ನೆ ಬಿಡುವುದು. ಯಾವ ತುಂಡಿಗೆ ಯಾವುದು ಎಂದು ಚೀಟಿ ಎತ್ತಿ ತೀರ್ಮಾನಿಸಿ. ಇಲ್ಲದಿದ್ದರೆ ನಮಗೆ ಇಷ್ಟವಾದ ವಿಧಾನಕ್ಕೆ ನಾವೇ ಗೊತ್ತಿಲ್ಲದೆ ಒಳ್ಳೆಯ ಮಣ್ಣು ಕೊಟ್ಟುಬಿಡುತ್ತೇವೆ. ಒಂದೇ ಊರಿನ ಫಲ ಆಕಸ್ಮಿಕ ಇರಬಹುದು, ಆದ್ದರಿಂದ ಹಲವು ಊರುಗಳಲ್ಲಿ ಆಗಬೇಕು. ಎಣಿಸುವುದು ಮಳೆಗಾಲದಲ್ಲಿ ಬೇಡ, ಆಗ ಎಲ್ಲವೂ ಹಸಿರೇ. ಎರಡನೇ ಬೇಸಿಗೆ ದಾಟಿದ ಮೇಲೆ ಎಣಿಸಿ. ನಮ್ಮ ಕಾಡಿನ ಮತ್ತಿ, ಹೊನ್ನೆ, ನಂದಿ ಎಷ್ಟು, ತಾನಾಗಿ ಹುಟ್ಟಿದ ಹೊರಗಿನ ಮರ ಅಕೇಶಿಯಾ ಎಷ್ಟು ಎಂದು ಬೇರೆ ಬೇರೆ ಬರೆಯಿರಿ.

ಬಿಟ್ಟ ತುಂಡೇ ಗೆದ್ದರೆ ಸಸಿಯ ದುಡ್ಡನ್ನು ಬೇಲಿಗೆ, ಬೆಂಕಿ ಕಾಯುವವರ ಕೂಲಿಗೆ ಹಾಕೋಣ. ಸಸಿ ಗೆದ್ದರೆ ಸಂತೋಷದಿಂದ ನೆಡೋಣ. ಏನೂ ಬದುಕಿಲ್ಲದಿದ್ದರೆ ಪುಸ್ತಕದಲ್ಲಿ ಸೊನ್ನೆ ಬರೆಯಿರಿ, ಆ ಸಾಲನ್ನು ಖಾಲಿ ಬಿಡಬೇಡಿ. ಈ ಮಳೆಗಾಲಕ್ಕೆ ಜಾಗ ಕೊಡಬಲ್ಲವರು ಸಭೆ ಮುಗಿದ ಮೇಲೆ ನನ್ನನ್ನು ಕಾಣಿ. ಅಳತೆ ಟೇಪು, ಗೂಟ, ಪುಸ್ತಕ ನಾನು ತರುತ್ತೇನೆ. ಎಣಿಕೆಗೆ ಶಾಲೆಯ ಮಕ್ಕಳನ್ನು ಕರೆಯೋಣ. ಯಾವ ತುಂಡಿನಲ್ಲಿ ಏನು ಹಾಕಿದ್ದೆವು ಎಂದು ಅವರಿಗೆ ಎಣಿಸಿ ಮುಗಿಯುವವರೆಗೂ ಹೇಳುವುದು ಬೇಡ.