ಬಿ. ಸರೋಜಾದೇವಿ: ಒಂದೇ ವರ್ಷ, ನಾಲ್ಕು ಭಾಷೆ

ಕೇಳುಗ ಬಂಧುಗಳೇ, ನಮಸ್ಕಾರ.

ಬೆಂಗಳೂರಿನಲ್ಲಿ ಹಳೆಯ ಸಿನಿಮಾದ ಮಾತು ಬಂತೆಂದರೆ ಹಿರಿಯರೊಬ್ಬರು ಒಂದು ದೂರನ್ನು ಹೇಳಿಯೇ ತೀರುತ್ತಾರೆ: ನಮ್ಮ ಸರೋಜಾದೇವಿಯನ್ನು ಮದರಾಸಿನವರು ಕಸಿದುಕೊಂಡರು ಎಂದು. ನನಗೆ ಈ ದೂರು ಒಪ್ಪಿಗೆಯಿಲ್ಲ. ಏಕೆಂದು ಹೇಳಲು 1961ನೆಯ ಇಸವಿಯೊಂದೇ ಸಾಕು.

ಆ ವರ್ಷ ಅವರಿಗೆ ವಯಸ್ಸು 23. ತೆಲುಗಿನ ‘ಸೀತಾರಾಮ ಕಲ್ಯಾಣಂ’ ಚಿತ್ರದಲ್ಲಿ ಎನ್.ಟಿ. ರಾಮರಾವ್ ರಾವಣನಾದರೆ ಇವರು ಮಂಡೋದರಿ. ಅದೇ ವರ್ಷ ‘ಜಗದೇಕವೀರುನಿ ಕಥ’ ಚಿತ್ರದಲ್ಲಿ ಅದೇ ರಾಮರಾವ್ ಸಾಹಸಿ ರಾಜಕುಮಾರ, ಇವರು ಭೂಮಿಗಿಳಿದ ಇಂದ್ರನ ಮಗಳು. ತಮಿಳಿನ ‘ಪಾಲುಂ ಪಳಮುಂ’ ಚಿತ್ರದಲ್ಲಿ ಶಿವಾಜಿ ಗಣೇಶನ್ ವೈದ್ಯ, ಇವರು ದಾದಿ. ಎಂ.ಜಿ. ರಾಮಚಂದ್ರನ್ ಅವರೊಂದಿಗೆ ‘ತಾಯ್ ಸೊಲ್ಲೈ ತಟ್ಟಾದೇ’ ಬಂದದ್ದೂ ಆಗಲೇ. ಹಿಂದಿಯಲ್ಲಿ ರಾಜೇಂದ್ರ ಕುಮಾರ್ ಜೊತೆ ‘ಸಸುರಾಲ್’. ಆ ಚಿತ್ರಕ್ಕಾಗಿ ಮೊಹಮ್ಮದ್ ರಫಿ ಹಾಡಿದ ಹಾಡನ್ನು ನೀವು ಇದೇ ರೇಡಿಯೋದಲ್ಲಿ ಎಷ್ಟೋ ಸಲ ಕೇಳಿರುತ್ತೀರಿ. ಇಷ್ಟೆಲ್ಲದರ ನಡುವೆ ಕನ್ನಡಕ್ಕೆ ಅವರು ಕೊಟ್ಟದ್ದು ‘ಕಿತ್ತೂರು ಚೆನ್ನಮ್ಮ’.

ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಿರ್ದೇಶಕರು ಬಿ.ಆರ್. ಪಂತುಲು. ಎರಡು ವರ್ಷದ ಹಿಂದಷ್ಟೇ ಅವರು ತಮಿಳಿನಲ್ಲಿ ಶಿವಾಜಿಯವರನ್ನು ವೀರಪಾಂಡ್ಯ ಕಟ್ಟಬೊಮ್ಮನನ್ನಾಗಿ ಗುಡುಗಿಸಿದ್ದರು. ಬ್ರಿಟಿಷರ ಮುಂದೆ ಕಪ್ಪ ಕೊಡಲೊಲ್ಲೆ ಎಂದು ಅಬ್ಬರಿಸುವ ಆ ಪಾತ್ರ ಊರೂರಲ್ಲಿ ಮನೆಮಾತಾಗಿತ್ತು. ಕನ್ನಡದಲ್ಲಿ ಅದೇ ಬಗೆಯ ಸವಾಲು ಒಬ್ಬ ಹೆಣ್ಣುಮಗಳ ಪಾಲಿಗೆ ಬಂತು, ಅದೂ ಅಲ್ಲಿಯವರೆಗೆ ಕಣ್ಣರಳಿಸಿ, ಕತ್ತು ಕೊಂಕಿಸಿ, ಮುದ್ದುಮುದ್ದಾಗಿ ಮಾತಾಡುವ ನಾಯಕಿ ಎಂದೇ ತಮಿಳಿನಲ್ಲಿ ಹೆಸರಾಗಿದ್ದವರಿಗೆ. ರಾಜಕುಮಾರ್ ಅವರ ಮಲ್ಲಸರ್ಜನಿಗೆ ಮಡದಿಯಾಗಿ ಬಂದ ಹುಡುಗಿ, ಗಂಡನನ್ನು ಕಳೆದುಕೊಂಡು, ರಾಜ್ಯದ ಹೊರೆ ಹೊತ್ತು, ಕತ್ತಿ ಹಿಡಿಯುವ ರಾಣಿಯಾಗಬೇಕು. ಕಪ್ಪ ಕೇಳಲು ಬಂದವರಿಗೆ ಚೆನ್ನಮ್ಮ ಉತ್ತರ ಕೊಡುವ ದೃಶ್ಯವನ್ನು ಇಂದಿಗೂ ಶಾಲೆಯ ವಾರ್ಷಿಕೋತ್ಸವಗಳಲ್ಲಿ ಮಕ್ಕಳು ಮರದ ಕತ್ತಿ ಹಿಡಿದು ಆಡುತ್ತಾರೆ. ಆ ಮಕ್ಕಳ ಕಣ್ಣಿಗೆ ಚೆನ್ನಮ್ಮನ ಮುಖ ಎಂದರೆ ಸರೋಜಾದೇವಿಯವರ ಮುಖವೇ. ಕಸಿದುಕೊಂಡು ಹೋದವರು ಇದನ್ನು ನಮಗೆ ಹೇಗೆ ಬಿಟ್ಟರು?

ನಿಜ ಸಂಗತಿ ಏನೆಂದರೆ, ಆಗ ಕನ್ನಡ ಚಿತ್ರರಂಗವೇ ಬಹುಮಟ್ಟಿಗೆ ಮದರಾಸಿನಲ್ಲಿ ಬಿಡಾರ ಹೂಡಿತ್ತು. ಸ್ಟುಡಿಯೋಗಳು, ಧ್ವನಿಮುದ್ರಣದ ಅನುಕೂಲ, ಪ್ರಯೋಗಾಲಯ, ಎಲ್ಲವೂ ಅಲ್ಲಿ. ರಾಜಕುಮಾರ್ ಕೂಡ ಆಗ ಅಲ್ಲಿಯೇ ವಾಸವಾಗಿದ್ದರು. 1964ರಲ್ಲಿ ಬಿ.ಎಸ್. ರಂಗಾ ಜಕಣಾಚಾರಿಯ ಕಥೆಯನ್ನು ಕನ್ನಡದಲ್ಲೂ ತೆಲುಗಿನಲ್ಲೂ ತೆಗೆದರು. ಕನ್ನಡದ ‘ಅಮರಶಿಲ್ಪಿ ಜಕಣಾಚಾರಿ’ಯೇ ನಮ್ಮ ಮೊದಲ ಪೂರ್ಣ ವರ್ಣಚಿತ್ರ. ಕನ್ನಡದಲ್ಲಿ ಶಿಲ್ಪಿ ಕಲ್ಯಾಣ್ ಕುಮಾರ್, ತೆಲುಗಿನಲ್ಲಿ ಅಕ್ಕಿನೇನಿ ನಾಗೇಶ್ವರರಾವ್. ನಾಯಕ ಬದಲಾದ, ನಾಯಕಿ ಬದಲಾಗಲಿಲ್ಲ: ಎರಡರಲ್ಲೂ ಸರೋಜಾದೇವಿಯವರೇ. ಎರಡು ಭಾಷೆಯ ಮಾತು ಬಾಯಿಗೆ ಬರುವ ನಟಿ ನಿರ್ಮಾಪಕರಿಗೆ ಎಷ್ಟು ಬೇಕಾದವರು ಎಂಬುದು ಇದರಲ್ಲೇ ತಿಳಿಯುತ್ತದೆ.

ಅವರ ಆರಂಭವೂ ಬೆಂಗಳೂರಿನದೇ. 1938ರ ಜನವರಿ 7ರಂದು ಇಲ್ಲಿ ಹುಟ್ಟಿದರು. ತಂದೆ ಭೈರಪ್ಪ ಪೊಲೀಸ್ ಇಲಾಖೆಯಲ್ಲಿದ್ದವರು, ತಾಯಿ ರುದ್ರಮ್ಮ. ಹೊನ್ನಪ್ಪ ಭಾಗವತರ್ ಅವರ ‘ಮಹಾಕವಿ ಕಾಳಿದಾಸ’ದ ಮೂಲಕ 1955ರಲ್ಲಿ ತೆರೆಗೆ ಬಂದರು. ಮೂರು ವರ್ಷದಲ್ಲಿ ಎಂ.ಜಿ.ಆರ್. ಅವರ ‘ನಾಡೋಡಿ ಮನ್ನನ್’. ಆ ಚಿತ್ರದ ಮೊದಲ ಭಾಗ ಕಪ್ಪು ಬಿಳುಪು, ಕೊನೆಯ ಭಾಗ ಬಣ್ಣ. ಸರೋಜಾದೇವಿ ಕಾಣಿಸಿಕೊಳ್ಳುವುದು ಬಣ್ಣದ ಭಾಗದಲ್ಲಿ. ಅದೃಷ್ಟ ಎನ್ನುವುದಾದರೆ ಹೀಗಿರಬೇಕು. ತಮಿಳನ್ನು ಅವರು ಕನ್ನಡದ ರಾಗದಲ್ಲಿಯೇ ಆಡಿದರು. ಬೇರೆಯವರಾಗಿದ್ದರೆ ಅದು ಕುಂದಾಗುತ್ತಿತ್ತು. ತಮಿಳು ಪ್ರೇಕ್ಷಕರು ಅದಕ್ಕೇ ಮರುಳಾಗಿ ‘ಕನ್ನಡತ್ತು ಪೈಂಗಿಳಿ’, ಕನ್ನಡದ ಗಿಳಿ, ಎಂದು ಕರೆದರು. ಆದರೆ ಹಾಡು ಬಂದಾಗ ಕೇಳುತ್ತಿದ್ದುದು ಹೆಚ್ಚಾಗಿ ಪಿ. ಸುಶೀಲಾ ಅವರ ಕಂಠ. ರೇಡಿಯೋದಲ್ಲಿ ಮಾತ್ರ ಅವರನ್ನು ಬಲ್ಲವರಿಗೆ ಗಿಳಿ ಒಬ್ಬರು, ದನಿ ಇನ್ನೊಬ್ಬರದು.

ಇನ್ನು ನಾವು ಕಳೆದುಕೊಂಡದ್ದೇನು? ಬೆಂಗಳೂರಿನ ಪ್ರೇಕ್ಷಕ ಕೆಂಪೇಗೌಡ ರಸ್ತೆಯಲ್ಲಿ ಅವರ ಕನ್ನಡ ಚಿತ್ರ ನೋಡಬಹುದಿತ್ತು, ದಂಡುಪ್ರದೇಶದ ಕಡೆ ಹೋದರೆ ತಮಿಳಿನದನ್ನು. ಇಂದಿನ ನಟಿಯರು ಒಮ್ಮೆ ನಟಿಸಿದ್ದು ಐದು ಭಾಷೆಗಳಲ್ಲಿ ಐದು ಜನರ ದನಿಯಲ್ಲಿ ಬರುತ್ತದೆ. ಆಗ ಪ್ರತಿ ಭಾಷೆಗೂ ಬೇರೆ ಸೆಟ್ಟು, ಬೇರೆ ಸಂಭಾಷಣೆ, ಬೇರೆ ನಾಯಕ. ಮೈ ಬಗ್ಗಿಸಿ ದುಡಿಯದೆ ಅದು ಸಾಗುತ್ತಿರಲಿಲ್ಲ.

1967ರಲ್ಲಿ ಎಂಜಿನಿಯರ್ ಶ್ರೀಹರ್ಷ ಅವರನ್ನು ಮದುವೆಯಾದರು. ಮದುವೆಯಾದ ನಾಯಕಿಯನ್ನು ಉದ್ಯಮ ಮೂಲೆಗೆ ಸರಿಸುತ್ತಿದ್ದ ಕಾಲ. ಇವರು ಸರಿಯಲಿಲ್ಲ. 1969ರಲ್ಲಿ ಪುಟ್ಟಣ್ಣ ಕಣಗಾಲರ ‘ಮಲ್ಲಮ್ಮನ ಪವಾಡ’ ಬಂತು, ಪದ್ಮಶ್ರೀಯೂ ಬಂತು. ಪದ್ಮಭೂಷಣ 1992ರಲ್ಲಿ. 2025ರ ಜುಲೈ 14ರಂದು ಮಲ್ಲೇಶ್ವರದ ಮನೆಯಲ್ಲಿ ತೀರಿಕೊಂಡಾಗ ಚನ್ನಪಟ್ಟಣ ತಾಲ್ಲೂಕಿನ ದಶವಾರದಲ್ಲಿ ಅಂತ್ಯಕ್ರಿಯೆ ನಡೆಯಿತು. ಕರ್ನಾಟಕ ರತ್ನ ಘೋಷಣೆಯಾದದ್ದು ಅದಾದ ಮೇಲೆ. ಬದುಕಿದ್ದಾಗಲೇ ಕೊಡಬಹುದಿತ್ತು, ದೂರುವುದಿದ್ದರೆ ಮದರಾಸನ್ನು ಬಿಟ್ಟು ಇದನ್ನು ದೂರೋಣ.

ನನ್ನನ್ನು ಕೇಳಿದರೆ ಅವರ ಕಷ್ಟದ ಪಾತ್ರ 1977ರ ‘ಬಭ್ರುವಾಹನ’ದ ಚಿತ್ರಾಂಗದೆ. ಅರ್ಜುನನೂ ರಾಜಕುಮಾರ್, ಬಭ್ರುವಾಹನನೂ ರಾಜಕುಮಾರ್. ಎದುರಿಗಿರುವುದು ಒಂದೇ ಮುಖ. ಒಮ್ಮೆ ಅದನ್ನು ಗಂಡನೆಂದು ನೋಡಬೇಕು, ಇನ್ನೊಮ್ಮೆ ಮಗನೆಂದು. ಗಂಡ ಅವಮಾನಿಸುತ್ತಾನೆ, ಮಗ ಬಿಲ್ಲೆತ್ತುತ್ತಾನೆ. ಮುಂದಿನ ಬಾರಿ ಈ ಚಿತ್ರ ಟಿ.ವಿ.ಯಲ್ಲಿ ಬಂದಾಗ ರಾಜಕುಮಾರ್ ಅವರ ಮೇಲಿಂದ ಸ್ವಲ್ಪ ಹೊತ್ತು ಕಣ್ಣು ತೆಗೆದು ಚಿತ್ರಾಂಗದೆಯನ್ನು ನೋಡಿ. ನಮಸ್ಕಾರ.